ಒಂದು ಹಿಟ್ಟು ತಿಗಣೆ, ಮೂರು ಜೀನೋಮ್

ಪ್ರಶ್ನೆ: ಕೊಡಗಿನಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಬೇಸಿಗೆ ಬಂತೆಂದರೆ ರೊಬಸ್ಟಾ ಗಿಡಗಳಿಗೆ ಹಿಟ್ಟು ತಿಗಣೆಯ ಕಾಟ. ಬಿ.ಎಸ್‌ಸಿ. ಓದುತ್ತಿರುವ ಮಗಳು, ಈ ತಿಗಣೆಯೊಳಗೆ ಒಂದು ಬ್ಯಾಕ್ಟೀರಿಯಾ ಇದೆ, ಆ ಬ್ಯಾಕ್ಟೀರಿಯಾದೊಳಗೆ ಇನ್ನೊಂದು ಬ್ಯಾಕ್ಟೀರಿಯಾ ಇದೆ, ಅವು ಸತ್ತರೆ ತಿಗಣೆಗೂ ಉಳಿಗಾಲವಿಲ್ಲ, ಮೂರರ ಜೀನೋಮನ್ನೂ ಓದಿದ್ದಾರೆ ಎನ್ನುತ್ತಾಳೆ. ಇದು ನಿಜವೇ? ಒಂದರೊಳಗೊಂದು ಸೇರಿಕೊಂಡಿರುವುದನ್ನು ಬೇರ್ಪಡಿಸಿ ಓದುವುದು ಹೇಗೆ? ನಿಜವಾದರೆ ಬ್ಯಾಕ್ಟೀರಿಯಾಕ್ಕೇ ಔಷಧಿ ಹೊಡೆದು ತಿಗಣೆಯನ್ನು ಮುಗಿಸಬಾರದೇಕೆ? ಇದನ್ನೆಲ್ಲ ಮಗಳು ಮನೆಯಲ್ಲಿ ಕಣ್ಣಾರೆ ನೋಡಲು ಸಾಧ್ಯವೇ?

ಉತ್ತರ: ನಿಮ್ಮ ಮಗಳು ಹೇಳಿದ್ದು ಅಕ್ಷರಶಃ ನಿಜ. ಕಾಫಿಗೆ ಬೀಳುವ ಹಿಟ್ಟು ತಿಗಣೆಗಳಲ್ಲಿ ಪ್ಲಾನೋಕಾಕಸ್ ಸಿಟ್ರಿ ಎಂಬ ಜಾತಿ ಮುಖ್ಯವಾದದ್ದು. ಕಿತ್ತಳೆ, ನಿಂಬೆಗಳ ಮೇಲೂ ಇದೇ ಇರುತ್ತದೆ, ಹೆಸರಿನಲ್ಲಿರುವ ‘ಸಿಟ್ರಿ’ ಬಂದದ್ದು ಅಲ್ಲಿಂದ. ಇದರ ಹೊಟ್ಟೆಯ ಮಧ್ಯದಲ್ಲಿ ಬ್ಯಾಕ್ಟೀರಿಯಾಗಳಿಗೆಂದೇ ಮೀಸಲಾದ ಒಂದು ಅಂಗವಿದೆ. ಅದರ ಜೀವಕೋಶಗಳಲ್ಲಿ ಟ್ರೆಂಬ್ಲಾಯಾ ಎಂಬ ಬ್ಯಾಕ್ಟೀರಿಯಾ ವಾಸಿಸುತ್ತದೆ. ಟ್ರೆಂಬ್ಲಾಯಾದ ಒಳಗೆ ಮೊರಾನೆಲ್ಲಾ ಎಂಬ ಮತ್ತೊಂದು ಬ್ಯಾಕ್ಟೀರಿಯಾ ಇದೆ. ಒಂದು ಬ್ಯಾಕ್ಟೀರಿಯಾದ ಹೊಟ್ಟೆಯಲ್ಲಿ ಇನ್ನೊಂದು ಕಾಯಂ ಆಗಿ ನೆಲೆಸುವುದು ಜೀವಲೋಕದಲ್ಲೇ ಅಪರೂಪ. ಇದನ್ನು 2001ರಲ್ಲಿ ಖಚಿತಪಡಿಸಿದಾಗ ನಮ್ಮ ಕ್ಷೇತ್ರದ ಅನೇಕರು ಚಿತ್ರವನ್ನು ಎರಡೆರಡು ಸಲ ನೋಡಿದ್ದರು. ಹತ್ತು ವರ್ಷಗಳ ನಂತರ, 2011ರಲ್ಲಿ, ಎರಡೂ ಬ್ಯಾಕ್ಟೀರಿಯಾಗಳ ಜೀನೋಮ್, ಅಂದರೆ ವಂಶವಾಹಿಗಳೆಲ್ಲ ಅಡಗಿರುವ ಇಡೀ ಡಿಎನ್‌ಎ ಬರಹ, ಪ್ರಕಟವಾಯಿತು. 2013ರಲ್ಲಿ ತಿಗಣೆಯ ಜೀನೋಮಿನ ಕರಡೂ ಜೊತೆಗೂಡಿತು.

ಈ ಸಂಸಾರ ಏಕೆ ಬೇಕಾಯಿತು ಎಂಬುದು ಮೊದಲು ತಿಳಿಯಬೇಕು. ತಿಗಣೆ ಕುಡಿಯುವುದು ಗಿಡದ ಆಹಾರನಾಳದ ರಸವನ್ನು. ಅದನ್ನು ಪಾನಕ ಎನ್ನಬಹುದು: ಸಕ್ಕರೆ ಬೇಕಾದಷ್ಟು, ಪ್ರೋಟೀನಿನ ಸಾಮಗ್ರಿ ಮಾತ್ರ ಅತ್ಯಲ್ಪ. ಪ್ರೋಟೀನ್ ಕಟ್ಟಲು 20 ಬಗೆಯ ಅಮೈನೋ ಆಮ್ಲಗಳು ಬೇಕು. ಅವುಗಳಲ್ಲಿ ಸುಮಾರು 10ನ್ನು ಯಾವ ಪ್ರಾಣಿಯೂ ತಾನೇ ತಯಾರಿಸಿಕೊಳ್ಳಲಾರದು, ಊಟದಿಂದಲೇ ಪಡೆಯಬೇಕು. ನಾವು ಅನ್ನಕ್ಕೆ ಬೇಳೆ ಸಾರು ಕಲಸಿಕೊಂಡು ಆ ಲೆಕ್ಕ ಸರಿದೂಗಿಸುತ್ತೇವೆ. ಜೀವಮಾನವಿಡೀ ಪಾನಕದ ಮೇಲೆ ಬದುಕುವ ಹುಳುವಿಗೆ ಬೇಳೆ ಎಲ್ಲಿಂದ ಬರಬೇಕು? ಆ ಬೇಳೆಯನ್ನು ಬೇಯಿಸಿ ಬಡಿಸುವುದೇ ಬ್ಯಾಕ್ಟೀರಿಯಾಗಳ ಕೆಲಸ. ಹುಳು ಮನೆ, ರಕ್ಷಣೆ, ಕಚ್ಚಾ ಸಾಮಗ್ರಿ ಕೊಡುತ್ತದೆ, ಬ್ಯಾಕ್ಟೀರಿಯಾ ಅಮೈನೋ ಆಮ್ಲ ಕೊಡುತ್ತದೆ. ಹಿಟ್ಟು ಹಳಸಿತ್ತು, ನಾಯಿ ಹಸಿದಿತ್ತು ಎಂಬ ಗಾದೆ ಹಿಟ್ಟು ತಿಗಣೆಗೂ ಒಪ್ಪುತ್ತದೆ. ಮಿಕ್ಕ ಸಕ್ಕರೆಯನ್ನು ಹುಳು ಅಂಟು ದ್ರವವಾಗಿ ಹೊರಹಾಕುತ್ತದೆ. ಅದಕ್ಕಾಗಿಯೇ ನಿಮ್ಮ ಗಿಡಗಳಿಗೆ ಇರುವೆಗಳು ಸಾಲುಗಟ್ಟಿ ಹತ್ತುವುದು, ಎಲೆಗಳ ಮೇಲೆ ಕಪ್ಪು ಬೂಷ್ಟು ಹರಡುವುದು.

ಹುಳುಗಳೊಳಗೆ ಇಂಥ ಬ್ಯಾಕ್ಟೀರಿಯಾಗಳಿವೆ ಎಂಬುದು ಹೊಸ ಸುದ್ದಿಯಲ್ಲ. ಜರ್ಮನಿಯ ಪಾಲ್ ಬುಕ್ನರ್ 20ನೇ ಶತಮಾನದ ಮೊದಲ ಅರ್ಧವನ್ನು ನೂರಾರು ಬಗೆಯ ಕೀಟಗಳನ್ನು ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಚಿತ್ರ ಬರೆಯುತ್ತಲೇ ಕಳೆದರು. ಆದರೆ ನೋಡಿದ್ದಾಯಿತು ಅಷ್ಟೆ. ಅವು ಏನು ಮಾಡುತ್ತವೆ ಎಂದು ತಿಳಿಯಲು ಸಾಮಾನ್ಯ ದಾರಿ ಎಂದರೆ ಬ್ಯಾಕ್ಟೀರಿಯಾವನ್ನು ಹೊರತೆಗೆದು ತಟ್ಟೆಯಲ್ಲಿ ಬೆಳೆಸಿ ಪರೀಕ್ಷಿಸುವುದು. ಇವು ಬೆಳೆಯುವುದಿಲ್ಲ. ಹುಳುವಿನ ಹೊರಗೆ ಬಂದರೆ ಅಲ್ಲಿಗೆ ಅವುಗಳ ಕಥೆ ಮುಗಿಯಿತು. ಹಾಗಾಗಿ ನಮಗೆ ಜೀನೋಮ್ ಎಂಬುದು ಹತ್ತು ದಾರಿಗಳಲ್ಲಿ ಒಂದಾಗಿರಲಿಲ್ಲ. ಮುಚ್ಚಿದ ಮನೆಗೆ ಇದ್ದದ್ದು ಅದೊಂದೇ ಕಿಟಕಿ. ಆ ಕಿಟಕಿ ತೆರೆದದ್ದು 2000ದಲ್ಲಿ, ಬಟಾಣಿ ಗಿಡದ ಹೇನಿನೊಳಗಿನ ಬುಕ್ನೇರಾ ಬ್ಯಾಕ್ಟೀರಿಯಾದ ಜೀನೋಮನ್ನು ಜಪಾನಿನ ತಂಡವೊಂದು ಓದಿದಾಗ. ಬುಕ್ನೇರಾ ಎಂಬ ಹೆಸರು ಬಂದದ್ದು ಅದೇ ಬುಕ್ನರ್ ಅವರಿಂದ. ಡಿಎನ್‌ಎಯ 6,40,681 ಅಕ್ಷರಗಳು, ಸುಮಾರು 580 ವಂಶವಾಹಿಗಳು. ಹೋಲಿಕೆಗೆ, ನಮ್ಮ ಕರುಳಿನ ಇ-ಕೊಲೈ ಬ್ಯಾಕ್ಟೀರಿಯಾಕ್ಕೆ 46 ಲಕ್ಷ ಅಕ್ಷರಗಳು, 4,300ರಷ್ಟು ವಂಶವಾಹಿಗಳಿವೆ. ಬುಕ್ನೇರಾ ಅದರ ಹತ್ತಿರದ ನೆಂಟ, ಆದರೆ ಆಸ್ತಿಯಲ್ಲಿ ಏಳನೇ ಒಂದು ಪಾಲು ಮಾತ್ರ ಉಳಿಸಿಕೊಂಡಿದೆ. ಸೋಜಿಗವೆಂದರೆ ಹೇನಿಗೆ ಬೇಕಾದ ಅಮೈನೋ ಆಮ್ಲಗಳನ್ನು ತಯಾರಿಸುವ ವಂಶವಾಹಿಗಳು ಬಹುಪಾಲು ಉಳಿದಿವೆ, ಹೇನು ತಾನೇ ತಯಾರಿಸಬಲ್ಲವುಗಳ ವಂಶವಾಹಿಗಳು ಬಹುಪಾಲು ಹೋಗಿವೆ.

ಇನ್ನು ಬೇರ್ಪಡಿಸುವ ಪ್ರಶ್ನೆ. ನಿಜ ಹೇಳಬೇಕೆಂದರೆ ಬಹಳಷ್ಟು ಸಲ ನಾವು ಬೇರ್ಪಡಿಸಲು ಹೋಗುವುದೇ ಇಲ್ಲ. ಹುಳುವನ್ನು ಇಡಿಯಾಗಿ ಅರೆದು, ಸಿಕ್ಕ ಡಿಎನ್‌ಎಯನ್ನೆಲ್ಲ ಒಟ್ಟಿಗೇ ಯಂತ್ರಕ್ಕೆ ಕೊಡುತ್ತೇವೆ. ಯಂತ್ರ ಅದನ್ನು ತುಂಡುತುಂಡಾಗಿ ಓದಿ ಕೋಟ್ಯಂತರ ಸಾಲುಗಳನ್ನು ಕೊಡುತ್ತದೆ. ಆ ರಾಶಿಯಲ್ಲಿ ತಿಗಣೆ, ಟ್ರೆಂಬ್ಲಾಯಾ, ಮೊರಾನೆಲ್ಲಾ ಮೂರೂ ಇರುತ್ತವೆ. ಜೊತೆಗೆ ಹುಳುವಿನ ಮೈಮೇಲೆ ಕುಳಿತಿದ್ದ ಬೂಷ್ಟು, ಅದು ಕುಡಿದ ರಸದ ಗಿಡ, ಕೆಲವೊಮ್ಮೆ ಕೈಗವಸು ಹಾಕದ ವಿದ್ಯಾರ್ಥಿಯ ಡಿಎನ್‌ಎ ಕೂಡ.

ಮದುವೆ ಮನೆಯ ಅಡುಗೆಕೋಣೆಯನ್ನು ನೆನೆಸಿಕೊಳ್ಳಿ. ಮೂರು ಮನೆಗಳ ಪಾತ್ರೆಗಳು ತೊಳೆದು ಒಂದೇ ಕಡೆ ಗುಡ್ಡೆ ಬಿದ್ದಿವೆ. ಮರುದಿನ ಯಾರ ಪಾತ್ರೆ ಯಾರಿಗೆ ಎಂದು ಹಂಚುವುದು ಹೇಗೆ? ಒಂದು, ಪಾತ್ರೆಯ ಅಂಚಿನಲ್ಲಿ ಕೆತ್ತಿಸಿದ ಹೆಸರು ನೋಡುವುದು. ನಮ್ಮಲ್ಲಿ ಅದಕ್ಕೆ ಸಮನಾದದ್ದು, ಈಗಾಗಲೇ ಗೊತ್ತಿರುವ ಜೀವಿಗಳ ವಂಶವಾಹಿಗಳ ಜೊತೆ ತಾಳೆ ನೋಡುವುದು. ಎರಡು, ಲೋಹ ನೋಡುವುದು: ಇದು ಹಿತ್ತಾಳೆ, ಅದು ಸ್ಟೀಲು. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಜಿ ಮತ್ತು ಸಿ ಎಷ್ಟು ಪಾಲು ಇವೆ ಎಂಬುದು ಒಂದೊಂದು ಜೀವಿಗೂ ಒಂದೊಂದು ತೆರ. ಟ್ರೆಂಬ್ಲಾಯಾದಲ್ಲಿ ಅದು ಸುಮಾರು ಶೇ 59, ಮೊರಾನೆಲ್ಲಾದಲ್ಲಿ ಸುಮಾರು ಶೇ 44. ಎದ್ದು ಕಾಣುವ ವ್ಯತ್ಯಾಸ. ಮೂರು, ಎಣಿಕೆ. ಒಂದೇ ಅಚ್ಚಿನ ಲೋಟ ಇನ್ನೂರು ಇದ್ದರೆ ಅದು ಛತ್ರದ್ದೇ ಇರಬೇಕು. ಹುಳುವಿನ ಒಂದೊಂದು ಜೀವಕೋಶದಲ್ಲಿ ಹುಳುವಿನ ಜೀನೋಮ್ ಸಾಮಾನ್ಯವಾಗಿ ಎರಡೇ ಪ್ರತಿ, ಬ್ಯಾಕ್ಟೀರಿಯಾ ವಾಸಿಸುವ ಕೋಶಗಳಲ್ಲಿ ಬ್ಯಾಕ್ಟೀರಿಯಾದ್ದು ಲೆಕ್ಕವಿಲ್ಲದಷ್ಟು. ಬುಕ್ನೇರಾದ ಒಂದೇ ಒಂದು ಕೋಶದಲ್ಲಿ ಅದರ ಜೀನೋಮಿನ ನೂರಕ್ಕೂ ಹೆಚ್ಚು ಪ್ರತಿಗಳಿರುತ್ತವೆ. ಆದ್ದರಿಂದ ಯಾವ ತುಂಡು ಅತಿ ಹೆಚ್ಚು ಸಲ ಓದಲ್ಪಟ್ಟಿದೆಯೋ ಅದು ಬ್ಯಾಕ್ಟೀರಿಯಾದ್ದು ಎಂದು ಮೊದಲ ಅಂದಾಜಿಗೆ ಬರಬಹುದು. ಲೋಹವೊಂದನ್ನೇ ನಂಬಿದರೆ ಮೋಸ ಹೋಗುತ್ತೀರಿ: ಬಟಾಣಿ ಹೇನಿನ ಜೀನೋಮಿನಲ್ಲಿ ಜಿ-ಸಿ ಪಾಲು ಶೇ 30ರ ಆಸುಪಾಸು, ಬುಕ್ನೇರಾದಲ್ಲಿ ಶೇ 26. ಕತ್ತಲಲ್ಲಿ ಎರಡೂ ಸ್ಟೀಲೇ.

ಇಲ್ಲಿ ನನ್ನದೇ ಒಂದು ಪೆದ್ದುತನವನ್ನು ಹೇಳಿಬಿಡುತ್ತೇನೆ. ಸಂಶೋಧನೆಗೆ ಸೇರಿದ ಹೊಸತರಲ್ಲಿ ಒಂದು ರಸ ಹೀರುವ ಕೀಟದ ದತ್ತಾಂಶವನ್ನು ‘ಶುಚಿಗೊಳಿಸುವ’ ಕೆಲಸ ನನಗೆ ಬಿದ್ದಿತ್ತು. ಬ್ಯಾಕ್ಟೀರಿಯಾವನ್ನು ಹೋಲುವ ಸಾಲುಗಳನ್ನೆಲ್ಲ ಕಲ್ಮಶವೆಂದು ಗುಡಿಸಿ ಹಾಕುವ ತಂತ್ರಾಂಶವನ್ನು ಓಡಿಸಿದೆ. ಫೈಲು ಕನ್ನಡಿಯಂತೆ ಹೊಳೆಯುತ್ತಿತ್ತು. ಮೂರು ವಾರ ಅದರ ಮೇಲೆ ಕೆಲಸ ಮಾಡಿದ ಮೇಲೆ ಹುಳುವಿನ ಆಹಾರ ತಯಾರಿಯ ನಕ್ಷೆಯಲ್ಲಿ ಎಲ್ಲಿ ನೋಡಿದರೂ ತೂತು. ಹಿರಿಯ ಸಹೋದ್ಯೋಗಿಯೊಬ್ಬರು ಪರದೆಯನ್ನು ಒಂದು ನಿಮಿಷ ನೋಡಿ ಕೇಳಿದ್ದು ಒಂದೇ ಮಾತು: “ಕಸದ ಬುಟ್ಟಿ ಎಲ್ಲಿಟ್ಟಿದ್ದೀರಿ?” ಅಡುಗೆಯವರನ್ನೇ ಮನೆಯಿಂದ ಹೊರಹಾಕಿ, ಊಟ ಎಲ್ಲಿಂದ ಬರುತ್ತದೆ ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದೆ. ಇಂಥ ಹುಳುವಿನ ಜೀನೋಮ್ ಮಾತ್ರವನ್ನು ಓದಿ ‘ಪೂರ್ಣ ಜೀನೋಮ್’ ಎಂದು ಹೆಸರಿಡುವುದಕ್ಕೆ ಅಂದಿನಿಂದ ನನ್ನ ಆಕ್ಷೇಪವಿದೆ. ಅದು ಅವಿಭಕ್ತ ಕುಟುಂಬದ ಖರ್ಚಿನ ಪುಸ್ತಕದಲ್ಲಿ ಒಬ್ಬರ ಪುಟ ಮಾತ್ರ.

ನಿಜವಾದ ತಲೆನೋವು ಬರುವುದು ಪಾತ್ರೆಗಳನ್ನು ಹಂಚಿ ಮುಗಿಸಿದ ಮೇಲೆ. ನಿಮ್ಮ ಅಟ್ಟದಲ್ಲಿ ಪಕ್ಕದ ಮನೆಯ ಹೆಸರಿರುವ ಒಂದು ಪಾತ್ರೆ ಸಿಗುತ್ತದೆ. ಅದು ನಿನ್ನೆಯ ಊಟಕ್ಕೆ ಬಂದು ಮರಳದೆ ಉಳಿದದ್ದೋ, ಇಲ್ಲ ಅಜ್ಜಿಯ ಕಾಲದಿಂದ ನಿಮ್ಮದೇ ಆಗಿಹೋದದ್ದೋ? ಹುಳುವಿನ ಜೀನೋಮಿನಲ್ಲಿ ಬ್ಯಾಕ್ಟೀರಿಯಾದ ವಂಶವಾಹಿ ಸಿಕ್ಕಾಗ ಕೇಳಬೇಕಾದ ಪ್ರಶ್ನೆ ಇದೇ. ಕಲ್ಮಶವೋ, ಕೋಟಿ ವರ್ಷಗಳ ಹಿಂದೆ ನಿಜವಾಗಿ ಹಾರಿ ಬಂದು ಸೇರಿದ್ದೋ? ಅವಸರಪಟ್ಟರೆ ಮುಖಭಂಗ. 2015ರಲ್ಲಿ ನೀರುಕರಡಿ ಎಂಬ ಸೂಕ್ಷ್ಮಪ್ರಾಣಿಯ ಜೀನೋಮಿನಲ್ಲಿ ಸುಮಾರು ಆರನೇ ಒಂದು ಪಾಲು ವಂಶವಾಹಿಗಳು ಪರಕೀಯ ಎಂಬ ವರದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಅದೇ ಪ್ರಾಣಿಯನ್ನು ಓದುತ್ತಿದ್ದ ಎಡಿನ್‌ಬರೋ ತಂಡ ಕೆಲವೇ ದಿನಗಳಲ್ಲಿ ತನ್ನ ಲೆಕ್ಕ ಮುಂದಿಟ್ಟಿತು. ಆ ‘ಪರಕೀಯ’ ವಂಶವಾಹಿಗಳಲ್ಲಿ ಬಹುಪಾಲು ಜೊತೆಗೆ ಸೇರಿಕೊಂಡಿದ್ದ ಬ್ಯಾಕ್ಟೀರಿಯಾಗಳ ಕಲ್ಮಶವಾಗಿದ್ದವು.

ಅದಕ್ಕೇ ಕೆಲವು ಸಾಕ್ಷಿ ಕೇಳುತ್ತೇವೆ. ಆ ವಂಶವಾಹಿಯ ಎರಡೂ ಪಕ್ಕದಲ್ಲಿ, ಅದೇ ಎಳೆಯ ಮೇಲೆ, ಹುಳುವಿನದೇ ವಂಶವಾಹಿಗಳು ಪೋಣಿಸಿಕೊಂಡಿವೆಯೇ? ಈಗಿನ ಯಂತ್ರಗಳು ಹತ್ತಾರು ಸಾವಿರ ಅಕ್ಷರಗಳನ್ನು ಒಂದೇ ಉಸಿರಿಗೆ ಓದುವುದರಿಂದ ಈ ಪರೀಕ್ಷೆ ಮೊದಲಿಗಿಂತ ಸಲೀಸಾಗಿದೆ. ಅದರ ಎಣಿಕೆ ಹುಳುವಿನ ಉಳಿದ ಡಿಎನ್‌ಎಗೆ ಸಮವಾಗಿದೆಯೇ? ಬ್ಯಾಕ್ಟೀರಿಯಾದ ವಂಶವಾಹಿಗಳಲ್ಲಿ ಸಾಮಾನ್ಯವಾಗಿ ಕಾಣದ, ಪ್ರಾಣಿಗಳ ವಂಶವಾಹಿಗಳಲ್ಲಿ ಇರುವಂಥ ಕತ್ತರಿಸಿ ತೆಗೆಯುವ ತುಣುಕುಗಳು ಅದರಲ್ಲಿ ಬಂದಿವೆಯೇ? ನೆಂಟ ಜಾತಿಯ ಹುಳುಗಳಲ್ಲೂ ಅದೇ ಜಾಗದಲ್ಲಿ ಅದು ಸಿಗುತ್ತದೆಯೇ? ಇಷ್ಟಕ್ಕೂ ಹೌದು ಎಂದರೆ ಮಾತ್ರ ಪಾತ್ರೆ ಅಜ್ಜಿಯ ಕಾಲದ್ದು.

ಈ ಪರೀಕ್ಷೆಗಳನ್ನು ದಾಟಿ ಬಂದದ್ದೇ ನಿಮ್ಮ ತೋಟದ ತಿಗಣೆ. 2013ರ ಅಧ್ಯಯನ ಅದರ ಜೀನೋಮಿನಲ್ಲಿ ಕನಿಷ್ಠ 22 ವಂಶವಾಹಿಗಳು ಬ್ಯಾಕ್ಟೀರಿಯಾ ಮೂಲದವು ಎಂದು ತೋರಿಸಿತು. ನಾವೆಲ್ಲ ಕಾಯುತ್ತಿದ್ದುದು ಬೇರೆ ಉತ್ತರಕ್ಕೆ. ಒಳಗಿರುವ ಟ್ರೆಂಬ್ಲಾಯಾ, ಮೊರಾನೆಲ್ಲಾಗಳೇ ತಮ್ಮ ವಂಶವಾಹಿಗಳನ್ನು ಹುಳುವಿಗೆ ವರ್ಗಾಯಿಸಿರಬೇಕು, ಒಂದು ಕಾಲಕ್ಕೆ ಬ್ಯಾಕ್ಟೀರಿಯಾ ಆಗಿದ್ದ, ಈಗ ಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯಾ ನಮ್ಮ ಪೂರ್ವಜರ ಕೋಶಗಳಿಗೆ ಮಾಡಿದಂತೆ, ಎಂಬುದು ಎಲ್ಲರ ಊಹೆ. ಹಾಗಾಗಿರಲಿಲ್ಲ. ಅವು ಬಂದದ್ದು ಎಂದೋ ಬಂದು ಹೋದ ಬೇರೆ ಬ್ಯಾಕ್ಟೀರಿಯಾಗಳಿಂದ. ಬಟಾಣಿ ಹೇನಿನಲ್ಲೂ ಇದೇ ಕಥೆ: ಅದರ ಜೀನೋಮ್ 2010ರಲ್ಲಿ ಬಂದಾಗ ಬುಕ್ನೇರಾದಿಂದ ಬಂದು ಕೆಲಸ ಮಾಡುತ್ತಿರುವ ಒಂದು ವಂಶವಾಹಿಯೂ ಸಿಗಲಿಲ್ಲ. ಬೇರೆ ಬ್ಯಾಕ್ಟೀರಿಯಾಗಳಿಂದ ಬಂದ ಕೆಲವು ಸಿಕ್ಕವು. ಅವುಗಳಲ್ಲಿ ಒಂದರ ಪ್ರೋಟೀನನ್ನು ಹೇನು ತಯಾರಿಸಿ ಬುಕ್ನೇರಾದ ಒಳಕ್ಕೆ ಸಾಗಿಸುತ್ತದೆ ಎಂದು 2014ರಲ್ಲಿ ಗೊತ್ತಾಯಿತು. ದಾರಿಹೋಕನಿಂದ ಪಡೆದ ಉಪಕರಣದಲ್ಲಿ ಮನೆಯ ಬಾಡಿಗೆದಾರನನ್ನು ಸಾಕುವುದು ಎಂದರೆ ಇದು.

ತಿಗಣೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಮೊರಾನೆಲ್ಲಾದ ಸುತ್ತ ಒಂದು ಕೋಶಗೋಡೆ ಇದೆ. ಅದನ್ನು ಕಟ್ಟಲು ಬೇಕಾದ ವಂಶವಾಹಿಗಳಲ್ಲಿ ಕೆಲವು ಮಾತ್ರ ಮೊರಾನೆಲ್ಲಾದಲ್ಲಿವೆ, ಉಳಿದವು ತಿಗಣೆಯ ಜೀನೋಮಿನಲ್ಲಿವೆ. ತಿಗಣೆ ತಯಾರಿಸಿದ ಅಂಥ ಒಂದು ಪ್ರೋಟೀನ್ ತಿಗಣೆಯ ಕೋಶ ದಾಟಿ, ಟ್ರೆಂಬ್ಲಾಯಾವನ್ನು ದಾಟಿ, ಮೊರಾನೆಲ್ಲಾದ ಒಳಗೆ ಇರುವುದನ್ನು 2019ರಲ್ಲಿ ತೋರಿಸಿದರು. ಅಂದರೆ ಒಳಮನೆಯವನ ಗೋಡೆಗೆ ಬೇಕಾದ ಸಿಮೆಂಟಿನ ಕೀಲಿಕೈ ಹೊರಮನೆಯ ಯಜಮಾನಿಯ ಸೆರಗಿನ ತುದಿಯಲ್ಲಿದೆ. ಟ್ರೆಂಬ್ಲಾಯಾದ ಸ್ಥಿತಿಯಂತೂ ಕೇಳುವುದೇ ಬೇಡ. ಅದರ ಜೀನೋಮ್ 1 ಲಕ್ಷ 39 ಸಾವಿರ ಅಕ್ಷರಗಳು, ಪ್ರೋಟೀನ್ ತಯಾರಿಸುವ ವಂಶವಾಹಿಗಳು 120ರ ಆಸುಪಾಸು. ಅದರ ಹೊಟ್ಟೆಯೊಳಗಿರುವ ಮೊರಾನೆಲ್ಲಾದ ಜೀನೋಮ್ 5 ಲಕ್ಷ 38 ಸಾವಿರ ಅಕ್ಷರ! ಮನೆಗಿಂತ ಮನೆಯೊಳಗಿನ ಪೆಟ್ಟಿಗೆ ನಾಲ್ಕು ಪಟ್ಟು. ಪ್ರೋಟೀನ್ ಕಟ್ಟುವಾಗ ಒಂದೊಂದು ಅಮೈನೋ ಆಮ್ಲವನ್ನು ಹಿಡಿದು ಸರಿಯಾದ ಸಾಗಣೆದಾರನ ಕೈಗೆ ಕೊಡುವ ಕಿಣ್ವಗಳು ಎಲ್ಲ ಜೀವಿಗಳಿಗೂ ಪ್ರಾಣವಿದ್ದಂತೆ. ಟ್ರೆಂಬ್ಲಾಯಾದಲ್ಲಿ ಅವುಗಳಲ್ಲಿ ಕೆಲಸ ಮಾಡುವಂಥದ್ದು ಒಂದೂ ಇಲ್ಲ. ಎಲ್ಲವನ್ನೂ ಎರವಲು ತಂದೇ ಅದರ ದಿನ ನಡೆಯಬೇಕು. ಅಮೈನೋ ಆಮ್ಲದ ತಯಾರಿಯಲ್ಲೂ ಒಂದು ಹಂತ ಇವನದು, ಮುಂದಿನದು ಅವನದು, ಕೊನೆಯದು ತಿಗಣೆಯದು. ಮೂರು ಪುಟಗಳನ್ನು ಪಕ್ಕಪಕ್ಕ ಇಟ್ಟರೆ ಮಾತ್ರ ಲೆಕ್ಕ ಕೂಡುತ್ತದೆ.

ಇಷ್ಟೊಂದು ಕಳೆದುಕೊಂಡದ್ದೇಕೆ? ‘ಬೇಡವಾದದ್ದನ್ನು ಬಿಟ್ಟು ಹಗುರಾಯಿತು’ ಎಂದು ಕೆಲವರು ಜಾಣತನದಂತೆ ಬರೆಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ, ಭಾಗಶಃ ಮಾತ್ರ ಸರಿ. ಬೇಕಾದದ್ದೂ ಹೋಗಿದೆ. ತಾಯಿಯಿಂದ ಮರಿಗೆ ಹೋಗುವಾಗ ದಾಟುವುದು ಬ್ಯಾಕ್ಟೀರಿಯಾಗಳ ಒಂದು ಸಣ್ಣ ಗುಂಪು ಮಾತ್ರ. ಆ ಗುಂಪಿನಲ್ಲಿ ಕೆಟ್ಟ ಪ್ರತಿ ಇದ್ದರೆ ಅದೇ ಮುಂದಿನ ತಲೆಮಾರಿನ ಆಸ್ತಿ. ಹೊರಗಿನ ಬ್ಯಾಕ್ಟೀರಿಯಾಗಳ ಜೊತೆ ಡಿಎನ್‌ಎ ಕೊಡುಕೊಳ್ಳುವಿಕೆ ಇಲ್ಲ, ಆದ್ದರಿಂದ ಕಳೆದದ್ದು ಮರಳಿ ಬರುವುದಿಲ್ಲ. ಡಿಎನ್‌ಎ ದುರಸ್ತಿಯ ವಂಶವಾಹಿಗಳೇ ಕೆಲವು ಕಳೆದುಹೋಗಿವೆ, ಅಂದರೆ ಹರಿದ ಬಟ್ಟೆಯ ಜೊತೆಗೆ ಸೂಜಿಯೂ ಕಳೆದಂತೆ. ಒಂದು ಜಿಗಿಹುಳುವಿನೊಳಗಿನ ನಾಸುಯಾ ಬ್ಯಾಕ್ಟೀರಿಯಾ ಈ ಹಾದಿಯಲ್ಲಿ 1 ಲಕ್ಷ 12 ಸಾವಿರ ಅಕ್ಷರಗಳಿಗೆ ಬಂದು ನಿಂತಿದೆ. ಆದರೆ ವಿಚಿತ್ರ ನೋಡಿ, ಸವೆತ ಒಂದು ಹಂತ ತಲುಪಿದ ಮೇಲೆ ಜೀನೋಮಿನ ಜೋಡಣೆ ಕಲ್ಲಿನಂತಾಗುತ್ತದೆ. ಎರಡು ಬೇರೆ ಹೇನುಗಳ ಬುಕ್ನೇರಾಗಳನ್ನು 2002ರಲ್ಲಿ ಹೋಲಿಸಿದಾಗ, ಸುಮಾರು 5 ಕೋಟಿ ವರ್ಷಗಳಿಂದ ವಂಶವಾಹಿಗಳ ಸಾಲು ಒಂದಿಷ್ಟೂ ಅದಲುಬದಲಾಗಿರಲಿಲ್ಲ.

ಈ ಹಾದಿಯ ಆರಂಭ ಹೇಗಿರುತ್ತದೆ ಎಂದು ನೋಡಲು ತೋಟಕ್ಕೆ ಹೋಗಬೇಕಿಲ್ಲ, ಅಡುಗೆಮನೆಯ ಅಕ್ಕಿ ಡಬ್ಬಿ ಸಾಕು. ಹುಳು ಬಿದ್ದ ಅಕ್ಕಿಯಲ್ಲಿ ಸೊಂಡಿಲಿನಂತೆ ಮೂತಿ ಚಾಚಿದ ಸಣ್ಣ ಕರಿಹುಳು ಹರಿದಾಡುತ್ತದಲ್ಲ, ಅದರೊಳಗೂ ಒಂದು ಬ್ಯಾಕ್ಟೀರಿಯಾ ಇದೆ. ಅದು ಹುಳುವನ್ನು ಸೇರಿ 30,000 ವರ್ಷವೂ ಆಗಿಲ್ಲ ಎಂಬುದು ಅಂದಾಜು. ಹಳೆಯ ಬಾಡಿಗೆದಾರನನ್ನು ಓಡಿಸಿ ಬಂದ ಹೊಸಬ. ಅದರ ಜೀನೋಮ್ ಇನ್ನೂ 45 ಲಕ್ಷ ಅಕ್ಷರ, ಆದರೆ ಒಳಗೆಲ್ಲ ಮುರಿದ ವಂಶವಾಹಿಗಳು ಚೆಲ್ಲಾಪಿಲ್ಲಿ. ಮನೆ ಬದಲಿಸಿದ ಮೊದಲ ವಾರದ ಹಾಗೆ. ಹುಳುವಿನ ಕಪ್ಪು ಗಟ್ಟಿ ಚಿಪ್ಪಿಗೆ ಬೇಕಾದ ಟೈರೋಸಿನ್ ಮತ್ತು ಫಿನೈಲ್‌ಅಲನಿನ್ ಒದಗಿಸುವುದು ಈ ಬ್ಯಾಕ್ಟೀರಿಯಾ. ಪ್ರೌಢ ಹುಳುವಿನ ಚಿಪ್ಪು ಗಟ್ಟಿಯಾಗುವ ದಿನಗಳಲ್ಲಿ ಅವುಗಳ ಸಂಖ್ಯೆಯನ್ನು ಹುಳು ಏರಲು ಬಿಡುತ್ತದೆ. ಕೆಲಸ ಮುಗಿದೊಡನೆ ಕರುಳಿನ ಬ್ಯಾಕ್ಟೀರಿಯಾಗಳನ್ನು ಅವುಗಳ ಕೋಶಸಮೇತ ಜೀರ್ಣಿಸಿಕೊಳ್ಳುತ್ತದೆ. ಅಂಡಾಶಯದಲ್ಲಿರುವುದನ್ನು ಮಾತ್ರ ಮುಂದಿನ ಪೀಳಿಗೆಗೆ ಉಳಿಸಿಕೊಳ್ಳುತ್ತದೆ. ಸಹಜೀವನ ಎಂಬ ಪದ ಕೇಳಿದೊಡನೆ ಸ್ನೇಹದ ಚಿತ್ರ ಬರೆದುಕೊಳ್ಳುವವರಿಗೆ ನಾನು ಈ ಹುಳುವನ್ನು ತೋರಿಸುತ್ತೇನೆ.

ಈಗ ನಿಮ್ಮ ಮುಖ್ಯ ಪ್ರಶ್ನೆ: ಬ್ಯಾಕ್ಟೀರಿಯಾವನ್ನು ಕೊಂದರೆ ಆಯಿತಲ್ಲ?

ಪ್ರಯೋಗಾಲಯದಲ್ಲಿ ಇದು ಸಾಧ್ಯ. ಆಂಟಿಬಯೋಟಿಕ್ ಕೊಟ್ಟ ಹೇನುಗಳು ಕುಬ್ಜವಾಗುತ್ತವೆ, ಮರಿ ಹಾಕುವುದು ಬಹುತೇಕ ನಿಲ್ಲುತ್ತದೆ. ಆದರೆ ತಕ್ಷಣ ಸಾಯುವುದಿಲ್ಲ, ರಸ ಹೀರುತ್ತಲೇ ಇರುತ್ತವೆ. ತೋಟಕ್ಕೆ ಆಂಟಿಬಯೋಟಿಕ್ ಸಿಂಪಡಿಸುವ ಯೋಚನೆಯನ್ನು ದಯವಿಟ್ಟು ಮಾಡಬೇಡಿ. ಔಷಧಿ ಹಿಟ್ಟಿನಂಥ ಮೇಣದ ಹೊದಿಕೆ ದಾಟಿ, ಹುಳುವಿನ ಕೋಶದೊಳಗಿನ ಬ್ಯಾಕ್ಟೀರಿಯಾದೊಳಗಿನ ಬ್ಯಾಕ್ಟೀರಿಯಾವನ್ನು ತಲುಪುವ ಮೊದಲು ಎಲೆ, ಮಣ್ಣು, ಹಳ್ಳದ ನೀರನ್ನೆಲ್ಲ ತಲುಪಿರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದಕ್ಕೆ ಒಗ್ಗಿಕೊಂಡರೆ ನಾಳೆ ಆಸ್ಪತ್ರೆಯಲ್ಲಿ ನಮಗೇ ಆ ಔಷಧಿ ಹತ್ತುವುದಿಲ್ಲ. ಇನ್ನೊಂದು ತೊಡಕೂ ಇದೆ. ಹಿಟ್ಟು ತಿಗಣೆಗಳ ವಂಶವೃಕ್ಷದಲ್ಲಿ ಒಳಗಿನ ಬ್ಯಾಕ್ಟೀರಿಯಾ ಹಲವು ಸಲ ಬದಲಾಗಿದೆ. ಹಳೆಯದು ಹೋಗಿ ಹೊಸದು ಬಂದು ಕೂತಿರುವುದು 2016ರ ಜೀನೋಮ್ ಹೋಲಿಕೆಯಿಂದ ಸ್ಪಷ್ಟವಾಯಿತು. ಒಂದು ಜಾತಿಗೆ ಹಿಡಿದ ಗುರಿ ಪಕ್ಕದ ಜಾತಿಗೆ ತಪ್ಪಬಹುದು.

ಜೀನೋಮಿನಿಂದ ಆಸೆ ಹುಟ್ಟಿಸುವ ಸುಳಿವುಗಳಿಲ್ಲವೆಂದಲ್ಲ. ಹುಳು ಮತ್ತು ಬ್ಯಾಕ್ಟೀರಿಯಾದ ನಡುವೆ ಸಾಮಗ್ರಿ ಸಾಗಿಸುವ ಬಾಗಿಲುಗಳ ವಂಶವಾಹಿಗಳು ಈಗ ಒಂದೊಂದಾಗಿ ಗೊತ್ತಾಗುತ್ತಿವೆ. ಆ ಬಾಗಿಲನ್ನು ಮುಚ್ಚಿದರೆ ಬ್ಯಾಕ್ಟೀರಿಯಾವನ್ನು ಮುಟ್ಟದೆಯೇ ಅಡುಗೆ ನಿಲ್ಲಿಸಬಹುದು. ಬಿಸಿಲೂ ಒಂದು ಸುಳಿವು. ಬುಕ್ನೇರಾದ ಒಂದು ಶಾಖರಕ್ಷಕ ವಂಶವಾಹಿಯ ಮುಂದೆ ಒಂದೇ ಒಂದು ಅಕ್ಷರ ಬಿಟ್ಟುಹೋಗಿರುವ ತಳಿಗಳಿವೆ. ಅಂಥ ಬ್ಯಾಕ್ಟೀರಿಯಾ ಇರುವ ಹೇನುಗಳು ಮರಿಯಾಗಿದ್ದಾಗ ಸ್ವಲ್ಪ ಹೊತ್ತು ಕಾಯ್ದ ಶಾಖ ಕಂಡರೂ ಸಾಕು, ದೊಡ್ಡವಾದ ಮೇಲೆ ಸಂತಾನ ಇಲ್ಲವೆನ್ನುವಷ್ಟು ಕಡಿಮೆ. ತಂಪಿನಲ್ಲಿ ಮಾತ್ರ ಅವೇ ಹೆಚ್ಚು ಮರಿ ಹಾಕುತ್ತವೆ. ಹೇನಿನ ಹಣೆಬರಹ ಬಾಡಿಗೆದಾರನ ಒಂದಕ್ಷರದಲ್ಲಿ! ಆದರೆ ಇವ್ಯಾವುವೂ ಇವತ್ತು ನೀವು ಕೊಂಡು ತರಬಹುದಾದ ಬಾಟಲಿಯಾಗಿಲ್ಲ. ಆಗಿದೆ ಎಂದು ಯಾರಾದರೂ ಮಾರಲು ಬಂದರೆ ಹಣ ಕೊಡಬೇಡಿ.

ಇವತ್ತಿಗೆ ಕೆಲಸ ಮಾಡುವುದು ಹಳೆಯ ಉಪಾಯ. 2008ರ ನಂತರ ಪಪ್ಪಾಯಿ ಹಿಟ್ಟು ತಿಗಣೆ ದಕ್ಷಿಣ ಭಾರತದಲ್ಲಿ ಪಪ್ಪಾಯಿ, ಹಿಪ್ಪುನೇರಳೆಯನ್ನು ಹಾಳುಮಾಡಿದ್ದು ನೆನಪಿರಬಹುದು. ಅದನ್ನು ಹತೋಟಿಗೆ ತಂದದ್ದು 2010ರಲ್ಲಿ ಪೋರ್ಟೊರಿಕೊದಿಂದ ಬೆಂಗಳೂರಿನ ಕೃಷಿ ಕೀಟ ಸಂಶೋಧನಾ ಕೇಂದ್ರದ ಮೂಲಕ ತರಿಸಿದ, ಸಾಸಿವೆಗಿಂತ ಸಣ್ಣದಾದ ಪರಾವಲಂಬಿ ಕಣಜ. ಕಾಫಿಗೂ ನಂಬಿಕಸ್ಥ ಮಿತ್ರರಿದ್ದಾರೆ: ತಿಗಣೆಯನ್ನು ತಿನ್ನುವ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳು ಮತ್ತು ಲೆಪ್ಟೊಮಾಸ್ಟಿಕ್ಸ್ ಎಂಬ ಕಣಜ. ಮೊದಲು ಇರುವೆಗಳ ದಾರಿ ಕಟ್ಟಿ, ಏಕೆಂದರೆ ಅಂಟಿನ ಆಸೆಗೆ ಅವು ಈ ಮಿತ್ರರನ್ನು ಓಡಿಸುತ್ತವೆ. ಒಂದು ಎಚ್ಚರಿಕೆ: ಕ್ರಿಪ್ಟೊಲೀಮಸ್‌ನ ಮರಿಹುಳುವಿನ ಮೈಮೇಲೂ ಬಿಳಿ ಮೇಣದ ಕುಚ್ಚುಗಳಿರುತ್ತವೆ, ನೋಡಲು ದೊಡ್ಡ ಹಿಟ್ಟು ತಿಗಣೆಯೇ. ಕುಚ್ಚು ಉದ್ದವಾಗಿದ್ದು, ಮುಟ್ಟಿದರೆ ಚುರುಕಾಗಿ ಓಡಿದರೆ ಅದು ನಿಮ್ಮ ಕಡೆಯದು. ಹೊಸಕಬೇಡಿ.

ಕೊನೆಗೆ ನಿಮ್ಮ ಮಗಳಿಗೆ. ಹಿಟ್ಟು ತಿಗಣೆಯನ್ನು ಸೀಳುವುದು ಮೇಣದಿಂದಾಗಿ ಗಲೀಜು ಕೆಲಸ, ಹೇನಿನಿಂದ ಆರಂಭಿಸಲಿ. ಅವರೆ ಅಥವಾ ಅಲಸಂದೆಯ ಎಳೆ ಕುಡಿಯಲ್ಲಿ ಕಪ್ಪಗೆ ಮುತ್ತಿರುವ ಹೇನುಗಳಲ್ಲಿ ರೆಕ್ಕೆಯಿಲ್ಲದ, ದುಂಡಗಿನ ದೊಡ್ಡದೊಂದನ್ನು ಆರಿಸಿಕೊಳ್ಳಲಿ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ತೆಳು ಉಪ್ಪುನೀರು, ಅದರಲ್ಲಿ ಹೇನು. ಎರಡು ಸೂಜಿ ಹಿಡಿದು ಹಿಂಬದಿಯನ್ನು ಮೆಲ್ಲಗೆ ಎಳೆದರೆ ಭ್ರೂಣಗಳು ಮಣಿಸರದಂತೆ ಹೊರಬರುತ್ತವೆ, ಏಕೆಂದರೆ ಇವು ಮೊಟ್ಟೆ ಇಡದೆ ಮರಿ ಹಾಕುವ ಹೆಣ್ಣುಗಳು. ದೊಡ್ಡ ಭ್ರೂಣಗಳಿಗೆ ಕಣ್ಣಿನ ಚುಕ್ಕೆ ಮೂಡಿರುತ್ತದೆ. ಕಾಲೇಜಿನ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಆ ಭ್ರೂಣದ ಹೊಟ್ಟೆಯ ಭಾಗವನ್ನು ನೋಡಲಿ, ಸುತ್ತಲಿನ ಕೋಶಗಳಿಗಿಂತ ಬಹಳ ದೊಡ್ಡದಾದ ದುಂಡು ಕೋಶಗಳ ಗೊಂಚಲೊಂದು ಕಾಣಬೇಕು. ಮೇಲೆ ಗಾಜಿನ ಚೂರು ಇಟ್ಟು ಬೆರಳ ತುದಿಯಿಂದ ಒತ್ತಿದರೆ ಆ ಕೋಶಗಳು ಒಡೆದು ಸಣ್ಣ ಸಣ್ಣ ಗುಂಡುಗಳು ನೀರಿನಲ್ಲಿ ಹರಡುತ್ತವೆ. ಎಣ್ಣೆ ಹಾಕಿ ನೋಡುವ ಮಸೂರವಿದ್ದರೆ ಒಂದೊಂದೂ ಪ್ರತ್ಯೇಕವಾಗಿ ಕಾಣುತ್ತದೆ. ಅವೇ ಬುಕ್ನೇರಾಗಳು, ಇನ್ನೂ ಹುಟ್ಟದ ಮರಿಗೆ ತಾಯಿ ಆಗಲೇ ಕಟ್ಟಿಕೊಟ್ಟಿರುವ ಬುತ್ತಿ.